ಹಳೆ ಫೋನಿನ ನಂಬರ್, ಫೋಟೊ, ವಾಟ್ಸಾಪ್ ಹೊಸ ಫೋನಿಗೆ ಒಯ್ಯುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: "ಹೊಸ ಫೋನ್ ತಗೊಂಡೀನ್ರಿ, ಹಳೇದರಾಗಿನ ನಂಬರೆಲ್ಲ ಹ್ಯಾಂಗ ತರಬೇಕು?" ಕೇಳುವವರಲ್ಲಿ ಗಂಜಿನ (ಕೃಷಿ ಮಾರುಕಟ್ಟೆಯ) ಅಡತಿಯವರಿದ್ದಾರೆ, ತೊಗರಿ ಬೆಳೆಗಾರರಿದ್ದಾರೆ, ನಿವೃತ್ತ ಶಿಕ್ಷಕರಿದ್ದಾರೆ. ಕೆಲವರದು ಕೀಪ್ಯಾಡ್ ಫೋನಿನಿಂದ ಮೊದಲ ಸ್ಮಾರ್ಟ್‌ಫೋನಿಗೆ ದಾಟುವ ಕೆಲಸ. ಉಳಿದವರದು ಗಾಜು ಒಡೆದ ಹಳೆ ಆಂಡ್ರಾಯ್ಡ್‌ನಿಂದ ಹೊಸ ಆಂಡ್ರಾಯ್ಡ್‌ಗೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ಫೋನಿನೊಳಗಿನದು ಒಂದೇ ಗಂಟಲ್ಲ. ಕೆಲವು ನಂಬರ್ ಸಿಮ್‌ನಲ್ಲಿ, ಕೆಲವು ಫೋನಿನ ಮೆಮೊರಿಯಲ್ಲಿ, ಕೆಲವು ಗೂಗಲ್ ಖಾತೆಯಲ್ಲಿ ಇರುತ್ತವೆ. ಫೋಟೊ ಒಂದು ಕಡೆ, ವಾಟ್ಸಾಪ್ ಮಾತುಕತೆ ಇನ್ನೊಂದು ಕಡೆ. ಯಾವುದು ಎಲ್ಲಿದೆ ಎಂದು ನೋಡದೆ ಸಾಗಿಸಲು ಹೊರಟಾಗಲೇ ಅರ್ಧ ನಂಬರ್ ಹಿಂದೆ ಉಳಿಯುವುದು. ಎರಡನೆಯ ಮಾತು: ಹೊಸ ಫೋನ್ ಕೈಗೆ ಬಂದ ದಿನವೇ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ. ಕನಿಷ್ಠ ಒಂದು ವಾರ ಮನೆಯಲ್ಲಿಟ್ಟುಕೊಳ್ಳಿ. ಅಂಗಡಿಯವರು "ಈಗಲೇ ಕೊಟ್ಟರೆ ಸಾವಿರ ರೂಪಾಯಿ ಜಾಸ್ತಿ" ಎಂದರೂ ಆ ಸಾವಿರಕ್ಕಾಗಿ ಇಪ್ಪತ್ತು ವರ್ಷದ ನಂಬರ್ ಪುಸ್ತಕ ಕಳೆದುಕೊಳ್ಳುವುದು ಲಾಭವಲ್ಲ.

ಮೊದಲು ಕೈಗೆ ಸಿಗಬೇಕಾದವು

ಹಳೆ ಫೋನ್ ಪೂರ್ತಿ ಚಾರ್ಜ್ ಆಗಿರಬೇಕು. ಹಳೆ ನೋಕಿಯಾ ಆಗಿದ್ದರೆ 2 ಮಿಲಿಮೀಟರ್‌ನ ತೆಳು ಪಿನ್ ಚಾರ್ಜರ್ ಬೇಕಾಗಬಹುದು. ಬ್ಯಾಟರಿ ಸತ್ತಿದ್ದರೆ ಹೆದರಬೇಡಿ, ಹಲವು ನೋಕಿಯಾ ಮಾದರಿಗಳಿಗೆ ಹೊಂದುವ ಬಿಎಲ್-5ಸಿ ಬ್ಯಾಟರಿ ಈಗಲೂ ಸಿಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ, ಒತ್ತಿ ಕೂರಿಸಲೂಬೇಡಿ, ಬೇರೆ ಬ್ಯಾಟರಿ ತನ್ನಿ.

ಡೇಟಾ ಸಾಗಿಸುವ ಕೇಬಲ್ ಬೇಕು. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಫೋನ್ ಚಾರ್ಜ್ ಆಗುತ್ತಿದ್ದು ಕಂಪ್ಯೂಟರ್‌ನಲ್ಲಿ ಕಾಣಿಸದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಫೋನನ್ನು ಬೈಯಬೇಡಿ.

ಕೀಪ್ಯಾಡ್ ಫೋನಿಗೆ ಮೆಮೊರಿ ಕಾರ್ಡ್ ಹಾಕುವ ಜಾಗವಿದ್ದರೆ 32 ಜಿಬಿ ಅಥವಾ ಅದಕ್ಕಿಂತ ಚಿಕ್ಕ ಕಾರ್ಡ್ ಒಂದು. 64 ಜಿಬಿಯಿಂದ ಮೇಲಿನ ಕಾರ್ಡ್‌ಗಳು ಬೇರೆ ಬಗೆಯ ಫಾರ್ಮ್ಯಾಟ್‌ನಲ್ಲಿ ಬರುತ್ತವೆ, ಹಳೆ ಫೋನುಗಳು ಅದನ್ನು ಓದುವುದಿಲ್ಲ.

ಮತ್ತೆ, ಹೊತ್ತು ನೋಡಿ ಕೂತುಕೊಳ್ಳಿ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುತ್ತದೆ. ಚಾರ್ಜ್ ಹಾಕಿಕೊಂಡೇ ಸಾವಿರಾರು ಫೋಟೊ ಸಾಗಿಸುವಾಗ ಫೋನ್ ಕಾದು, ಚಾರ್ಜಿಂಗ್ ನಿಲ್ಲಿಸುತ್ತದೆ, ಕೆಲವೊಮ್ಮೆ ವರ್ಗಾವಣೆಯೂ ನಡುವೆ ಕಡಿಯುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ, ದಪ್ಪ ಕವರ್ ತೆಗೆದು, ಫ್ಯಾನಿನ ಕೆಳಗೆ ಮಾಡಿ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದ ಕಂಪ್ಯೂಟರ್ ಬೇಡ, ಲ್ಯಾಪ್‌ಟಾಪ್ ಬಳಸಿ.

ಹಂತ 1: ನಂಬರ್‌ಗಳು ಎಲ್ಲಿವೆ ಪತ್ತೆ ಮಾಡಿ

ಕೀಪ್ಯಾಡ್ ಫೋನಿನಲ್ಲಿ ಕಾಂಟ್ಯಾಕ್ಟ್ಸ್ ಒಳಗೆ ಸೆಟ್ಟಿಂಗ್ಸ್, ಅಲ್ಲಿ "ಮೆಮೊರಿ ಸ್ಟೇಟಸ್" ಎಂಬುದನ್ನು ತೆರೆಯಿರಿ. ಸಿಮ್‌ನಲ್ಲಿ ಎಷ್ಟು, ಫೋನಿನಲ್ಲಿ ಎಷ್ಟು ಎಂದು ತೋರಿಸುತ್ತದೆ. ಎರಡೂ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಕೊನೆಗೆ ತಾಳೆ ನೋಡಲು ಇದೇ ಆಧಾರ.

ಆಂಡ್ರಾಯ್ಡ್‌ನಲ್ಲಿ ಯಾವುದಾದರೂ ಒಂದು ಹೆಸರು ತೆರೆದು ತಿದ್ದುವ ಪೆನ್ಸಿಲ್ ಗುರುತು ಒತ್ತಿ. ಮೇಲೆ ಆ ಹೆಸರು ಯಾವ ಖಾತೆಯಲ್ಲಿದೆ ಎಂದು ಕಾಣುತ್ತದೆ: ಜಿಮೇಲ್ ವಿಳಾಸ, "ಡಿವೈಸ್" ಅಥವಾ "ಫೋನ್", ಇಲ್ಲವೇ "ಸಿಮ್". ಜಿಮೇಲ್ ವಿಳಾಸ ಇದ್ದರೆ ಆ ನಂಬರ್ ಗೂಗಲ್‌ನ ಬಳಿ ಇದೆ, ಹೊಸ ಫೋನಿನಲ್ಲಿ ಅದೇ ಖಾತೆ ಹಾಕಿದರೆ ತಾನಾಗಿ ಬರುತ್ತದೆ. "ಡಿವೈಸ್" ಎಂದಿದ್ದರೆ ಅದು ಆ ಫೋನಿನಲ್ಲಿ ಮಾತ್ರ ಇದೆ. "ಜಿಮೇಲ್ ಹಾಕಿದೆ, ಆದರೂ ಅರ್ಧವೇ ಬಂದವು" ಎಂಬ ದೂರಿಗೆ ಕಾರಣ ಬಹುತೇಕ ಇದೇ. ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸಿಂಕ್ ಎಂಬ ಆಯ್ಕೆಯೊಳಗೆ ಡಿವೈಸ್ ನಂಬರ್‌ಗಳನ್ನೂ ಖಾತೆಗೆ ಸೇರಿಸುವ ಸ್ವಿಚ್ ಇರುತ್ತದೆ, ಅದನ್ನು ಆನ್ ಮಾಡಿ. ಸಿಂಕ್ ಎಂದರೆ ಫೋನಿನಲ್ಲಿರುವುದೂ ಗೂಗಲ್ ಬಳಿ ಇರುವುದೂ ಒಂದೇ ಆಗಿರುವಂತೆ ನೋಡಿಕೊಳ್ಳುವ ವ್ಯವಸ್ಥೆ. ಹಾಗಾಗಿ ಎಚ್ಚರ: ಸಿಂಕ್ ಆದ ಮೇಲೆ ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ತಪ್ಪಿ ಅಳಿಸಿದ್ದು 30 ದಿನ ಕಸದ ಬುಟ್ಟಿಯಲ್ಲಿರುತ್ತದೆ, ಅಷ್ಟರೊಳಗೆ ಹಿಂದಕ್ಕೆ ತರಬಹುದು.

ಹಂತ 2: ಜಿಮೇಲ್ ಖಾತೆ ನಿಮ್ಮ ಕೈಯಲ್ಲಿದೆಯೇ?

ಇದನ್ನು ಹಾರಿಸಬೇಡಿ. ಫೋನ್ ಕೊಳ್ಳುವಾಗ ಅಂಗಡಿಯಲ್ಲೇ ಯಾರೋ ಒಂದು ಜಿಮೇಲ್ ತೆರೆದುಕೊಟ್ಟಿರುತ್ತಾರೆ, ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಹಳೆ ಫೋನ್ ನಡೆಯುತ್ತಿರುವ ತನಕ ತೊಂದರೆ ಕಾಣುವುದಿಲ್ಲ, ಹೊಸ ಫೋನ್ ಪಾಸ್‌ವರ್ಡ್ ಕೇಳಿದಾಗ ದಾರಿ ಮುಚ್ಚುತ್ತದೆ.

ಹಳೆ ಫೋನಿನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಗೂಗಲ್ ತೆರೆದು ಮೇಲಿರುವ ಜಿಮೇಲ್ ವಿಳಾಸ ಬರೆದುಕೊಳ್ಳಿ. ಆಮೇಲೆ ಖಾತೆ ನಿರ್ವಹಣೆಯ ಭದ್ರತೆ ವಿಭಾಗಕ್ಕೆ ಹೋಗಿ ಎರಡು ಕೆಲಸ ಮಾಡಿ. ಒಂದು, ರಿಕವರಿ ನಂಬರ್ (ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ನಂಬರ್) ನಿಮ್ಮದೇ ಇದೆಯೇ ನೋಡಿ, ಬೇರೆಯವರದಿದ್ದರೆ ತೆಗೆದು ನಿಮ್ಮದು ಹಾಕಿ. ಎರಡು, ಪಾಸ್‌ವರ್ಡ್ ಮರೆತಿದ್ದರೆ ಈಗಲೇ ಹೊಸದು ಇಡಿ. ಖಾತೆ ತೆರೆದೇ ಇರುವ ಫೋನಿನಿಂದ ಮಾಡಿದರೆ ಸ್ಕ್ರೀನ್ ಲಾಕ್ ಅಥವಾ ಪರದೆಯ ಮೇಲೆ ಬರುವ ಒಪ್ಪಿಗೆಯಿಂದ ಗೂಗಲ್ ನಿಮ್ಮನ್ನು ಗುರುತಿಸುವ ಸಾಧ್ಯತೆ ಹೆಚ್ಚು. ಹಳೆ ಫೋನ್ ಹೋದ ಮೇಲೆ ಇದೇ ಕೆಲಸ ದಿನಗಟ್ಟಲೆ ಎಳೆಯುತ್ತದೆ.

ಪಾಸ್‌ವರ್ಡನ್ನು ನೀವೇ ಒತ್ತಿ. ಅಂಗಡಿಯ ಹುಡುಗನಿಗೆ ಬಾಯಲ್ಲಿ ಹೇಳಬೇಡಿ, ಓಟಿಪಿಯನ್ನಂತೂ ತೋರಿಸಲೇಬೇಡಿ. ನಿಮ್ಮ ಮನೆಯ ಹೆಣ್ಣುಮಕ್ಕಳ ಫೋಟೊ, ಬ್ಯಾಂಕಿನ ಮೆಸೇಜು, ಆಧಾರ್ ಪ್ರತಿ ಎಲ್ಲಕ್ಕೂ ಅದೊಂದೇ ಬೀಗ.

ಹಂತ 3: ಕೀಪ್ಯಾಡ್ ಫೋನಿನಿಂದ ನಂಬರ್ ತೆಗೆಯುವುದು

ಮೂರು ದಾರಿಗಳಿವೆ. ನಮ್ಮ ಸಲಹೆಯ ಕ್ರಮದಲ್ಲೇ ಹೇಳುತ್ತೇವೆ.

ಮೆಮೊರಿ ಕಾರ್ಡ್ ದಾರಿ ಎಲ್ಲಕ್ಕಿಂತ ಒಳ್ಳೆಯದು. ಕಾರ್ಡ್ ಹಾಕಿ, ಕಾಂಟ್ಯಾಕ್ಟ್ಸ್‌ನ ಆಯ್ಕೆಗಳಲ್ಲಿ "ಬ್ಯಾಕಪ್" ಅಥವಾ "ಎಕ್ಸ್‌ಪೋರ್ಟ್" ಹುಡುಕಿ. ಜಿಯೋಫೋನ್‌ನಲ್ಲಾದರೆ ಕಾಂಟ್ಯಾಕ್ಟ್ಸ್, ಆಪ್ಷನ್ಸ್, ಸೆಟ್ಟಿಂಗ್ಸ್, ಎಕ್ಸ್‌ಪೋರ್ಟ್ ಕಾಂಟ್ಯಾಕ್ಟ್ಸ್, ಕೊನೆಗೆ ಮೆಮೊರಿ ಕಾರ್ಡ್. ಹೊರಬರುವುದು ವಿಸಿಎಫ್ ಎಂಬ ಫೈಲು. ಎಲ್ಲ ಹೆಸರು, ನಂಬರ್‌ಗಳನ್ನು ಒಂದರ ಕೆಳಗೊಂದು ಬರೆದಿಟ್ಟ ಸಾದಾ ಪಠ್ಯ ಅದು, ಯಾವ ಕಂಪನಿಯ ಫೋನ್ ಬೇಕಾದರೂ ಓದುತ್ತದೆ. ಹೊಸ ತಲೆಮಾರಿನ ಹಲವು ನೋಕಿಯಾ ಕೀಪ್ಯಾಡ್ ಫೋನುಗಳು ಕಾರ್ಡಿನ "ಬ್ಯಾಕಪ್" ಫೋಲ್ಡರಿನಲ್ಲಿ "ಬ್ಯಾಕಪ್.ಡ್ಯಾಟ್" ಎಂಬ ಫೈಲು ಮಾಡುತ್ತವೆ. ಗಾಬರಿ ಬೇಡ. ಅದರ ಒಂದು ಪ್ರತಿ ಮಾಡಿ, ಪ್ರತಿಯ ಹೆಸರಿನ ಕೊನೆಯ "ಡ್ಯಾಟ್" ತೆಗೆದು "ವಿಸಿಎಫ್" ಎಂದು ಬದಲಿಸಿದರೆ ಸಾಮಾನ್ಯವಾಗಿ ತೆರೆಯುತ್ತದೆ. ಮೂಲ ಫೈಲನ್ನು ಮುಟ್ಟಬೇಡಿ.

ಕಾರ್ಡ್ ಹಾಕಲು ಜಾಗವಿಲ್ಲದ ಫೋನಿಗೆ ಬ್ಲೂಟೂತ್. ಎರಡೂ ಫೋನ್ ಜೋಡಿಸಿ, ಹಳೆಯದರಲ್ಲಿ "ಮಾರ್ಕ್ ಆಲ್" ಕೊಟ್ಟು ಬಿಸಿನೆಸ್ ಕಾರ್ಡ್ ಆಗಿ ಕಳಿಸಿ. ಕೆಲವು ಫೋನು ಒಮ್ಮೆಗೆ ಒಂದೇ ಹೆಸರು ಕಳಿಸುತ್ತವೆ. ನಾನೂರು ಹೆಸರಿದ್ದರೆ ಮನೆಯ ಹುಡುಗರನ್ನು ಕೂರಿಸಿಕೊಂಡು ತಾಳ್ಮೆಯಿಂದ ಮಾಡಬೇಕಾದ ಕೆಲಸ.

ಸಿಮ್‌ಗೆ ಕಾಪಿ ಮಾಡುವುದು ಕೊನೆಯ ದಾರಿ. ಎಲ್ಲರೂ ಮೊದಲು ಹೇಳುವುದು ಇದನ್ನೇ, ಅತಿ ಹೆಚ್ಚು ನಷ್ಟವಾಗುವುದೂ ಇದರಲ್ಲೇ. ಬಹುತೇಕ ಸಿಮ್‌ಗಳಲ್ಲಿ 250ರ ಆಸುಪಾಸು ಹೆಸರಿಗೆ ಜಾಗ. 400 ಇದ್ದರೆ ಉಳಿದ 150 ಫೋನಿನಲ್ಲೇ ಕೂರುತ್ತವೆ. ಒಂದು ಹೆಸರಿಗೆ ಸಾಮಾನ್ಯವಾಗಿ ಒಂದೇ ನಂಬರ್. ಅಣ್ಣನ ಎರಡು ನಂಬರ್ ಒಂದೇ ಹೆಸರಿನಲ್ಲಿದ್ದರೆ ಒಂದು ಬಿಟ್ಟುಹೋಗಬಹುದು, ಇಲ್ಲವೇ ಎರಡು ಬೇರೆ ಹೆಸರಾಗಿ ಒಡೆಯಬಹುದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕನ್ನಡದ ಹೆಸರಿಗೆ. ಸಿಮ್‌ನಲ್ಲಿ ಒಂದು ಹೆಸರಿಗೆ ಮೀಸಲಿರುವ ಜಾಗ ಬಹಳ ಚಿಕ್ಕದು. 14 ಬೈಟ್ (ಬೈಟ್ ಎಂದರೆ ಮೆಮೊರಿಯ ಚಿಕ್ಕ ಅಳತೆ) ಜಾಗವಿರುವ ಸಿಮ್ ಎಂದುಕೊಳ್ಳೋಣ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಹದಿನಾಲ್ಕೂ ಹಿಡಿಯುತ್ತವೆ. ಕನ್ನಡವನ್ನು ಸಾಮಾನ್ಯ ವಿಧಾನದಲ್ಲಿ ಬರೆದರೆ ಒಂದು ಬೈಟ್ ಗುರುತಿಗೆ ಹೋಗಿ, ಉಳಿದದ್ದರಲ್ಲಿ ಎರಡೆರಡು ಬೈಟಿನ ಆರು ಸಂಕೇತ ಮಾತ್ರ ಹಿಡಿಯುತ್ತವೆ. ಅದರಲ್ಲಿ ಒತ್ತಕ್ಷರ "ಪ್ಪ" ಒಂದೇ ಮೂರು ಸಂಕೇತ: ಪ, ನಡುವಿನ ವಿರಾಮ, ಮತ್ತೆ ಪ. ಈಗ "ಶರಣಬಸಪ್ಪ ಅಡತಿ ಸೇಡಂ" ಎಂಬ ಹೆಸರನ್ನು ಸಿಮ್‌ಗೆ ಕಳಿಸಿ. ಉಳಿಯುವುದು "ಶರಣಬಸಪ". "ಶರಣಬಸಪ್ಪ ಟ್ರ್ಯಾಕ್ಟರ್ ವಾಡಿ" ಕೂಡ "ಶರಣಬಸಪ" ಆಗುತ್ತಾರೆ. ನಮ್ಮ ಕಡೆ ಒಂದೇ ಫೋನಿನಲ್ಲಿ ಏಳೆಂಟು ಶರಣಬಸಪ್ಪ, ಹತ್ತು ಮಲ್ಲಿಕಾರ್ಜುನ ಇರುವುದು ಸಹಜ. ಊರಿನ ಹೆಸರೋ ಕಸುಬೋ ಸೇರಿಸಿದ್ದರಿಂದಲೇ ಗುರುತು ಹತ್ತುತ್ತಿತ್ತು, ಆ ತುದಿಯೇ ಕತ್ತರಿಸಿಹೋದರೆ ನಂಬರ್ ಇದ್ದೂ ಇಲ್ಲದಂತೆ. ಸಿಮ್ ದಾರಿ ಹಿಡಿಯಲೇಬೇಕಾದರೆ ಮೊದಲು ಹಳೆ ಫೋನಿನ ಪಟ್ಟಿಯನ್ನು ಪರದೆ ಪರದೆಯಾಗಿ ಇನ್ನೊಂದು ಫೋನಿನಿಂದ ಫೋಟೊ ಹೊಡೆದಿಟ್ಟುಕೊಳ್ಳಿ.

ಹಂತ 4: ಹೊಸ ಫೋನಿಗೆ ಸೇರಿಸುವುದು, ಕೆಟ್ಟ ಕನ್ನಡ ಸರಿಮಾಡುವುದು

ವಿಸಿಎಫ್ ಫೈಲು ಹೊಸ ಫೋನಿಗೆ ಬಂದ ಮೇಲೆ ಗೂಗಲ್ ಕಾಂಟ್ಯಾಕ್ಟ್ಸ್ ಆ್ಯಪ್‌ನ "ಆರ್ಗನೈಸ್" ವಿಭಾಗದಲ್ಲಿ "ಫೈಲ್‌ನಿಂದ ಇಂಪೋರ್ಟ್" ಒತ್ತಿ. ಆಗ ಎಲ್ಲಿ ಉಳಿಸಬೇಕು ಎಂದು ಕೇಳುತ್ತದೆ. ಜಿಮೇಲ್ ವಿಳಾಸವನ್ನೇ ಆರಿಸಿ. "ಡಿವೈಸ್" ಆರಿಸಿದರೆ ಮುಂದಿನ ಸಲ ಫೋನ್ ಬದಲಿಸುವಾಗ ಇದೇ ಪಾಡು ಮತ್ತೆ ಪಡಬೇಕು.

ಒಮ್ಮೆ ಮಾತ್ರ ಇಂಪೋರ್ಟ್ ಮಾಡಿ. "ಬಂದಿಲ್ಲ ಅನಿಸುತ್ತದೆ" ಎಂದು ಮೂರು ಸಲ ಒತ್ತಿದರೆ ಪ್ರತಿ ಹೆಸರೂ ಮೂರಾಗುತ್ತದೆ. ದೊಡ್ಡ ಪಟ್ಟಿ ಪೂರ್ತಿ ಕಾಣಿಸಲು ಕೆಲವು ನಿಮಿಷ ಹಿಡಿಯಬಹುದು. ಮೂರಾಗಿಯೇ ಹೋಗಿದ್ದರೆ ಅದೇ ವಿಭಾಗದ "ಮರ್ಜ್ ಅಂಡ್ ಫಿಕ್ಸ್" ಜೋಡಿ ಹೆಸರುಗಳನ್ನು ಕೂಡಿಸುತ್ತದೆ. ಆದರೆ "ಎಲ್ಲವನ್ನೂ ಕೂಡಿಸು" ಎಂಬ ಗುಂಡಿ ಒತ್ತಬೇಡಿ. ಒಂದೊಂದೇ ನೋಡಿ ಒಪ್ಪಿಗೆ ಕೊಡಿ. ಅಪ್ಪ ಮಗ ಇಬ್ಬರೂ ಒಂದೇ ನಂಬರ್ ಬಳಸುವ ಮನೆಗಳಲ್ಲಿ ಎರಡು ಹೆಸರು ಒಂದಾಗಿಬಿಡುತ್ತವೆ.

ಹೆಸರಿನ ಜಾಗದಲ್ಲಿ "=ಇ0=ಬಿ2=95" ಥರದ ಸಾಲು ಬಂದರೆ ಡೇಟಾ ಹಾಳಾಗಿದೆ ಎಂದುಕೊಳ್ಳಬೇಡಿ. ಫೈಲಿನೊಳಗೆ "ಕ" ಎಂಬ ಅಕ್ಷರ ಹೀಗೇ ಇರುತ್ತದೆ. (ನಿಜವಾದ ಫೈಲಿನಲ್ಲಿ ಇ, ಬಿ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ.) ಹಳೆಯ ವಿಸಿಎಫ್ ಪದ್ಧತಿ ಇಂಗ್ಲಿಷಲ್ಲದ ಅಕ್ಷರಗಳನ್ನು ಹೀಗೆ ಸಮಚಿಹ್ನೆ ಮತ್ತು ಜೋಡಿ ಅಂಕಿಗಳಲ್ಲಿ ಮುಚ್ಚಿ ಕಳಿಸುತ್ತದೆ. ಒಂದು ಕನ್ನಡ ಸಂಕೇತಕ್ಕೆ ಒಂಬತ್ತು ಇಂಗ್ಲಿಷ್ ಚಿಹ್ನೆ ಬೇಕಾಗುತ್ತದೆ. ಈ ಪದ್ಧತಿಯಲ್ಲಿ ಒಂದು ಸಾಲು 76 ಚಿಹ್ನೆ ಮೀರಬಾರದು. ಹಾಗಾಗಿ ಉದ್ದ ಹೆಸರು ಬಂದಾಗ ಫೋನ್ ಸಾಲನ್ನು ಮುರಿದು, ಕೊನೆಗೊಂದು ಒಂಟಿ ಸಮಚಿಹ್ನೆ ಇಟ್ಟು, ಮುಂದಿನ ಸಾಲಿಗೆ ಇಳಿಯುತ್ತದೆ. ಓದುವ ಆ್ಯಪ್‌ಗೆ ಈ ಮುರಿತ ತಿಳಿಯದಿದ್ದರೆ ಹೆಸರು ಅಲ್ಲಿಗೇ ನಿಲ್ಲುತ್ತದೆ. ಇಂಗ್ಲಿಷ್ ಹೆಸರೆಲ್ಲ ಸರಿಯಾಗಿ ಬಂದು, ಉದ್ದದ ಕನ್ನಡ ಹೆಸರು ಮಾತ್ರ ಮೊಟಕಾಗುವುದಕ್ಕೆ ಕಾರಣ ಇದು.

ಸರಿಮಾಡಲು ಮೊದಲು ಬೇರೆ ಆ್ಯಪ್‌ನಲ್ಲಿ ತೆರೆದು ನೋಡಿ. ಫೈಲ್ ಮ್ಯಾನೇಜರ್‌ನಿಂದ ತೆರೆದು ಕೆಟ್ಟಿದ್ದರೆ ಗೂಗಲ್ ಕಾಂಟ್ಯಾಕ್ಟ್ಸ್‌ನಿಂದಲೇ ಇಂಪೋರ್ಟ್ ಮಾಡಿ, ಅದೂ ಆಗದಿದ್ದರೆ ಕಂಪ್ಯೂಟರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ಪುಟ ತೆರೆದು ಅಲ್ಲಿಂದ ಮಾಡಿ. ಆಗಲೂ ಮೊಟಕಾದರೆ ಫೈಲಿನ ಪ್ರತಿಯನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಪಠ್ಯ ತಿದ್ದುವ ತಂತ್ರಾಂಶದಲ್ಲಿ ತೆರೆಯಿರಿ. ಸಾಲಿನ ಕೊನೆಯಲ್ಲಿ ಸಮಚಿಹ್ನೆಯೂ, ಮುಂದಿನ ಸಾಲಿನ ಮೊದಲಲ್ಲಿ ಇನ್ನೊಂದು ಸಮಚಿಹ್ನೆಯೂ ಇರುವ ಕಡೆ ಎರಡು ಸಾಲನ್ನು ಕೂಡಿಸಿ, ಒಂದೇ ಸಮಚಿಹ್ನೆ ಉಳಿಸಿ. ಹುಡುಕಿ-ಬದಲಿಸುವ ಸೌಲಭ್ಯದಲ್ಲಿ ಇಡೀ ಫೈಲಿಗೆ ಒಮ್ಮೆಲೇ ಮಾಡಬಹುದು. ಉಳಿಸುವಾಗ ಯುಟಿಎಫ್-8 ಎಂದಿರಲಿ. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಲಿಪಿಯೂ ಒಂದೇ ಫೈಲಿನಲ್ಲಿ ಉಳಿಯುವ ಸಂಕೇತ ಪದ್ಧತಿ ಅದು. ಬೀದರ್, ಹುಮನಾಬಾದ್ ಕಡೆಯ ಫೋನುಗಳಲ್ಲಿ ನಾಲ್ಕೂ ಲಿಪಿ ಒಟ್ಟಿಗೆ ಇರುವುದುಂಟು.

ಎಕ್ಸೆಲ್‌ನಿಂದ ದೂರವಿರಿ. ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿದ ಸಾದಾ ಪಟ್ಟಿ) ಮಾಡಿ ಎಕ್ಸೆಲ್‌ನಲ್ಲಿ ತೆರೆದು ಸಾಮಾನ್ಯ ಸಿಎಸ್‌ವಿ ಆಗಿಯೇ ಉಳಿಸಿದರೆ ಕನ್ನಡದ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. 91 ಸೇರಿದ 12 ಅಂಕಿಯ ನಂಬರ್ "9.19ಇ+11" ಆಗಿ ಕೊನೆಯ ಅಂಕಿಗಳೇ ಹೋಗಬಹುದು. ಸೊನ್ನೆಯಿಂದ ಶುರುವಾಗುವ ನಂಬರಿನ ಸೊನ್ನೆ ಮಾಯ. ಪ್ರಶ್ನಾರ್ಥಕ ಚಿಹ್ನೆಯಾದ ಹೆಸರನ್ನು ಯಾರಿಂದಲೂ ಹಿಂದಕ್ಕೆ ತರಲಾಗದು.

ಈ ಹಂತದಲ್ಲೇ ಹಳೆ ಲ್ಯಾಂಡ್‌ಲೈನ್ ನಂಬರ್‌ಗಳಿಗೆ ಎಸ್‌ಟಿಡಿ ಕೋಡ್ ಸೇರಿಸಿಬಿಡಿ. ಕಲಬುರಗಿ 08472, ಬೀದರ್ 08482, ಯಾದಗಿರಿ 08473. ಕೋಡ್ ಇಲ್ಲದ ಆರಂಕಿ ನಂಬರ್‌ಗೆ ಮೊಬೈಲ್‌ನಿಂದ ಕರೆ ಹೋಗುವುದಿಲ್ಲ. ಇನ್ನೊಂದು: ಕಲಬುರಗಿಯ ಹೆಸರು 2014ರ ನವೆಂಬರ್‌ನಲ್ಲಿ ಬದಲಾಯಿತು, ಅದಕ್ಕೂ ಮೊದಲು ಉಳಿಸಿದವರೆಲ್ಲ "ಗುಲ್ಬರ್ಗಾ" ಎಂದೇ ಇರುತ್ತಾರೆ. "ಕಲಬುರಗಿ" ಎಂದು ಹುಡುಕಿ "ನಂಬರ್ ಬಂದಿಲ್ಲ" ಎಂದು ತೀರ್ಮಾನಿಸುವ ಮೊದಲು ಹಳೆ ಹೆಸರಿನಿಂದಲೂ, ಇಂಗ್ಲಿಷಿನಲ್ಲೂ ಹುಡುಕಿ.

ಹಂತ 5: ಫೋಟೊ, ವಿಡಿಯೊ, ಪಹಣಿ ಪ್ರತಿಗಳು

ಎರಡೂ ಆಂಡ್ರಾಯ್ಡ್ ಆಗಿದ್ದರೆ ಹೊಸ ಫೋನನ್ನು ಮೊದಲ ಸಲ ಆನ್ ಮಾಡುವಾಗ "ಹಳೆ ಫೋನಿನಿಂದ ಕಾಪಿ ಮಾಡಬೇಕೇ" ಎಂದು ಕೇಳುತ್ತದೆ. ಅಲ್ಲೇ ಕೇಬಲ್ ಜೋಡಿಸಿ ಒಪ್ಪಿಕೊಳ್ಳುವುದು ಅತಿ ಸುಲಭ. ಆ ಪರದೆ ದಾಟಿಹೋಗಿದ್ದರೆ ಸ್ಯಾಮ್‌ಸಂಗ್‌ಗೆ ಸ್ಮಾರ್ಟ್ ಸ್ವಿಚ್, ಶಿಯೋಮಿಗೆ ಮಿ ಮೂವರ್, ಒಪ್ಪೊ ಮತ್ತು ರಿಯಲ್‌ಮಿಗೆ ಕ್ಲೋನ್ ಫೋನ್, ವಿವೊಗೆ ಈಜಿಶೇರ್ ಇದೆ. ಹೊಸ ಫೋನಿನ ಕಂಪನಿಯ ಆ್ಯಪನ್ನೇ ಎರಡೂ ಕಡೆ ಹಾಕಿ. ಶೇರ್‌ಇಟ್, ಕ್ಸೆಂಡರ್ ಎರಡನ್ನೂ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಅದೇ ಹೆಸರಿನ ಎಪಿಕೆ ಫೈಲು (ಆ್ಯಪ್ ಹಾಕುವ ಫೈಲು) ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ತೆರೆಯಬೇಡಿ.

ಕಂಪ್ಯೂಟರ್ ಮೂಲಕ ಸಾಗಿಸುವುದಾದರೆ ಕೇಬಲ್ ಹಾಕಿದ ಮೇಲೆ ಫೋನಿನ ಮೇಲ್ಪಟ್ಟಿ ಎಳೆದು "ಫೈಲ್ ಟ್ರಾನ್ಸ್‌ಫರ್" ಆರಿಸಿ. ಇಲ್ಲದಿದ್ದರೆ ಫೋಲ್ಡರ್ ಖಾಲಿ ಕಾಣುತ್ತದೆ. "ಕಟ್" ಬೇಡ, "ಕಾಪಿ" ಮಾಡಿ. ಕಟ್ ಮಾಡುವಾಗ ಕರೆಂಟ್ ಹೋದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಕ್ಯಾಮೆರಾ ಫೋಟೊ ಡಿಸಿಐಎಂ ಫೋಲ್ಡರಿನಲ್ಲಿರುತ್ತವೆ. ಅದೊಂದನ್ನೇ ಕಾಪಿ ಮಾಡಿ ನಿಲ್ಲಿಸುವವರೇ ಹೆಚ್ಚು. ಪಹಣಿ, ಪಾಸ್‌ಬುಕ್, ಲಗ್ನಪತ್ರಿಕೆ ಇವೆಲ್ಲ ಬಂದದ್ದು ವಾಟ್ಸಾಪ್‌ನಲ್ಲಿ. ಅವು ಇರುವುದು ಆಂಡ್ರಾಯ್ಡ್, ಮೀಡಿಯಾ, ಕಾಮ್.ವಾಟ್ಸಾಪ್, ವಾಟ್ಸಾಪ್, ಮೀಡಿಯಾ ಎಂಬ ಫೋಲ್ಡರುಗಳ ಒಳಗೊಳಗೆ. ಡೌನ್‌ಲೋಡ್, ರೆಕಾರ್ಡಿಂಗ್ಸ್, ಬ್ಲೂಟೂತ್ ಫೋಲ್ಡರುಗಳನ್ನೂ ತೆಗೆದುಕೊಳ್ಳಿ. ಕಾಪಿ ಮುಗಿದ ಮೇಲೆ ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ ಹೋಲಿಸಿ.

ಗೂಗಲ್ ಫೋಟೋಸ್ ಮೇಲೆ ಮಾತ್ರ ಭರವಸೆ ಇಡಬೇಡಿ. ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್ (ಗೂಗಲ್‌ನ ಫೈಲು ಇಡುವ ಜಾಗ), ಫೋಟೊ ಎಲ್ಲ. 2021ರ ಜೂನ್ 1ರಿಂದ ಹೊಸ ಫೋಟೊಗಳೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ. ಒಂದು ಫೋಟೊಗೆ 3 ಎಂಬಿ ಹಿಡಿದರೂ ಐದು ಸಾವಿರಕ್ಕೆ ಜಾಗ ತುಂಬಿತು.

ಹಳೆ ಫೋನಿನ ಮೆಮೊರಿ ಕಾರ್ಡನ್ನು ಕಿತ್ತು ಹೊಸದಕ್ಕೆ ಹಾಕುವ ಮೊದಲು ಹಳೆ ಫೋನಿನ ಸ್ಟೋರೇಜ್ ಸೆಟ್ಟಿಂಗ್ಸ್ ನೋಡಿ. ಕಾರ್ಡನ್ನು "ಇಂಟರ್ನಲ್ ಸ್ಟೋರೇಜ್" ಆಗಿ ಫಾರ್ಮ್ಯಾಟ್ ಮಾಡಿದ್ದರೆ ಅದರೊಳಗಿನದು ಆ ಫೋನಿನ ಬೀಗಕ್ಕೆ ಕಟ್ಟಿರುತ್ತದೆ. ಬೇರೆ ಫೋನು "ಕಾರ್ಡ್ ಸರಿಯಿಲ್ಲ, ಫಾರ್ಮ್ಯಾಟ್ ಮಾಡಲೇ" ಎಂದು ಕೇಳುತ್ತದೆ. ಹೌದು ಎಂದಿರೋ ಎಲ್ಲ ಹೋಯಿತು. ಅಂಥ ಕಾರ್ಡಿನ ಫೋಟೊಗಳನ್ನು ಹಳೆ ಫೋನಿನಲ್ಲಿಟ್ಟೇ ಕೇಬಲ್ ಮೂಲಕ ತೆಗೆಯಬೇಕು.

ಹಂತ 6: ವಾಟ್ಸಾಪ್

ಕ್ರಮ ತಪ್ಪಿದರೆ ಚಾಟ್ ಹೋಗುತ್ತದೆ. ಹೊಸ ಫೋನಿನಲ್ಲಿ ವಾಟ್ಸಾಪ್ ತೆರೆಯುವ ಮೊದಲು ಹಳೆಯದರಲ್ಲಿ ಕೆಲಸ ಮುಗಿಸಿ.

ಎರಡೂ ಆಂಡ್ರಾಯ್ಡ್ ಆಗಿದ್ದು ಎರಡೂ ಕೈಯಲ್ಲಿದ್ದರೆ ನೇರ ವರ್ಗಾವಣೆ ಮಾಡಿ. ಹಳೆ ಫೋನಿನ ವಾಟ್ಸಾಪ್ ಸೆಟ್ಟಿಂಗ್ಸ್, ಚಾಟ್ಸ್, "ಟ್ರಾನ್ಸ್‌ಫರ್ ಚಾಟ್ಸ್" ತೆರೆದಿಡಿ. ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕಿ ಅದೇ ನಂಬರ್ ಕೊಟ್ಟು ಮುಂದೆ ಹೋದಾಗ ಬರುವ ಕ್ಯೂಆರ್ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಿ. ಎರಡರಲ್ಲೂ ವೈಫೈ ಮತ್ತು ಲೊಕೇಶನ್ ಆನ್ ಇರಲಿ, ಪಕ್ಕಪಕ್ಕದಲ್ಲಿಡಿ, ಪರದೆ ಆರದಂತೆ ನೋಡಿಕೊಳ್ಳಿ. ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ, ಡ್ರೈವ್ ಜಾಗವೂ ಬೇಡ.

ಅದಾಗದಿದ್ದರೆ ಚಾಟ್ ಬ್ಯಾಕಪ್. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ತೆರೆದು, ಹಂತ 2ರಲ್ಲಿ ಬರೆದುಕೊಂಡ ಜಿಮೇಲ್ ಖಾತೆಯೇ ಇದೆಯೇ ನೋಡಿ ಬ್ಯಾಕಪ್ ಒತ್ತಿ. ಜಾಗ ಸಾಲದಿದ್ದರೆ ವಿಡಿಯೊ ಸೇರಿಸುವ ಸ್ವಿಚ್ ಆಫ್ ಮಾಡಿ, ಏಕೆಂದರೆ ಈ ಬ್ಯಾಕಪ್ ಕೂಡ ಈಗ ಅದೇ 15 ಜಿಬಿಯ ಲೆಕ್ಕದಲ್ಲಿದೆ. ಬ್ಯಾಕಪ್‌ಗೆ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀಲಿ ಇಟ್ಟಿದ್ದರೆ ಅದನ್ನು ಬರೆದಿಟ್ಟುಕೊಳ್ಳಿ, ಮರೆತರೆ ವಾಟ್ಸಾಪ್‌ನವರೂ ತೆರೆಯಲಾರರು.

ಹೊಸ ಫೋನಿನಲ್ಲಿ ಮೊದಲು ಅದೇ ಜಿಮೇಲ್ ಹಾಕಿ, ಆಮೇಲೆ ವಾಟ್ಸಾಪ್. ನಂಬರ್ ಒಪ್ಪಿದ ಕೂಡಲೇ "ರಿಸ್ಟೋರ್" ಎಂದು ಕೇಳುತ್ತದೆ. ಅವಸರದಲ್ಲಿ "ಸ್ಕಿಪ್" ಒತ್ತಿದ್ದರೆ ಹೊಸ ಮೆಸೇಜು ಶುರುಮಾಡದೆ ಆ್ಯಪ್ ತೆಗೆದು ಮತ್ತೆ ಹಾಕಿ, ಅದು ಮತ್ತೊಮ್ಮೆ ಕೇಳುತ್ತದೆ. ಎರಡು ಹಂತದ ಪರಿಶೀಲನೆ ಇಟ್ಟವರಿಗೆ ಆರಂಕಿ ಪಿನ್ ಕೂಡ ಬೇಕು.

ಐಫೋನ್‌ಗೆ ಹೋಗುವವರಿಗೆ ಡ್ರೈವ್ ಬ್ಯಾಕಪ್ ಕೆಲಸಕ್ಕೆ ಬಾರದು. ಐಫೋನ್ ಮೊದಲ ಸಲ ಸಿದ್ಧಪಡಿಸುವಾಗಲೇ "ಮೂವ್ ಟು ಐಒಎಸ್" ಆ್ಯಪ್ ಮೂಲಕ ವಾಟ್ಸಾಪ್ ಕೂಡ ಸಾಗಿಸಬೇಕು.

ಹಂತ 7: ಸಿಮ್ ಮತ್ತು ಯುಪಿಐ

ಹಳೆ ಫೋನಿನ ದೊಡ್ಡ ಸಿಮ್ 25 × 15 ಮಿಮೀ, ಹೊಸದಕ್ಕೆ ಬೇಕಾದ ನ್ಯಾನೊ 12.3 × 8.8 ಮಿಮೀ. ಹಳೆಯದನ್ನು ಕತ್ತರಿಸುವುದಕ್ಕಿಂತ ಆಧಾರ್ ತೆಗೆದುಕೊಂಡು ಹೋಗಿ ಕಂಪನಿಯಿಂದ ನ್ಯಾನೊ ಸಿಮ್ ಪಡೆಯಿರಿ. ಹಳೆ ಸಿಮ್‌ನಲ್ಲಿ ಉಳಿಸಿದ ನಂಬರ್‌ಗಳು ಹೊಸ ಸಿಮ್‌ಗೆ ಬರುವುದಿಲ್ಲ, ಆದ್ದರಿಂದ ಬಂದಾದ ಹಳೆ ಸಿಮ್ ಕೂಡ ಎಸೆಯಬೇಡಿ. ಸೇವೆ ನಿಂತಿದ್ದರೂ ಅದರೊಳಗಿನ ನಂಬರ್‌ಗಳನ್ನು ಹಳೆ ಫೋನಿನಲ್ಲಿ ಸಾಮಾನ್ಯವಾಗಿ ಓದಬಹುದು.

ಹೀಗೆ ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಹೋಗುವುದೂ ಬಂದ್ ಇರುತ್ತದೆ. ಮೋಸದಿಂದ ಸಿಮ್ ಕದಿಯುವವರನ್ನು ತಡೆಯಲು ಮಾಡಿದ ನಿಯಮ ಇದು. ಅಷ್ಟು ಹೊತ್ತು ಓಟಿಪಿ ಇಲ್ಲ, ಯುಪಿಐ ನೋಂದಣಿಯೂ ಆಗದು. ಹಾಗಾಗಿ ಗಂಜಿಗೆ ತೊಗರಿ ಒಯ್ಯುವ ದಿನ, ಆಸ್ಪತ್ರೆಗೆ ಹೋಗುವ ದಿನ ಸಿಮ್ ಬದಲಿಸಬೇಡಿ. ಎರಡು ದಿನ ಖರ್ಚಿಗಾಗುವಷ್ಟು ನಗದು ಕೈಯಲ್ಲಿಟ್ಟುಕೊಂಡು ಮಾಡಿ.

ಫೋನ್‌ಪೇ, ಗೂಗಲ್ ಪೇ ಹೊಸ ಫೋನಿನಲ್ಲಿ ಹಾಕಿದಾಗ ನಿಮ್ಮ ಸಿಮ್‌ನಿಂದ ತಾನಾಗಿ ಒಂದು ಎಸ್ಸೆಮ್ಮೆಸ್ ಕಳಿಸುತ್ತವೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಇದೇ ಫೋನಿನಲ್ಲಿದೆ ಎಂದು ಖಚಿತಪಡಿಸಿಕೊಳ್ಳುವುದು ಹೀಗೆ. ರೀಚಾರ್ಜ್ ಮುಗಿದಿದ್ದರೆ ಆ ಮೆಸೇಜು ಹೋಗದೆ ನೋಂದಣಿ ಸುಮ್ಮನೆ ಸುತ್ತುತ್ತಲೇ ಇರುತ್ತದೆ. ಎರಡು ಸಿಮ್ ಇದ್ದರೆ ಸರಿಯಾದುದನ್ನು ಆರಿಸಿ. ಯುಪಿಐ ಪಿನ್ ಬ್ಯಾಂಕಿನಲ್ಲಿರುವುದರಿಂದ ಹಳೆಯದೇ ನಡೆಯುತ್ತದೆ, ಹೊಸದು ಮಾಡಬೇಕಾಗಿಲ್ಲ. ಮೊದಲ 24 ಗಂಟೆ ಸಾಮಾನ್ಯವಾಗಿ 5000 ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ, ಇದು ದೋಷವಲ್ಲ.

ಡಿಜಿಲಾಕರ್‌ಗೆ ವರ್ಗಾವಣೆ ಬೇಡ. ಹೊಸ ಫೋನಿನಲ್ಲಿ ಲಾಗಿನ್ ಆದರೆ ಸರ್ಕಾರಿ ದಾಖಲೆಗಳು ಅಲ್ಲೇ ಇರುತ್ತವೆ. ಗೂಗಲ್ ಅಥೆಂಟಿಕೇಟರ್ (ಲಾಗಿನ್ ಕೋಡ್ ತೋರಿಸುವ ಆ್ಯಪ್) ಬಳಸುವವರು ಮಾತ್ರ ಹಳೆ ಫೋನ್ ಒರೆಸುವ (ಒಳಗಿನದೆಲ್ಲ ಅಳಿಸುವ) ಮೊದಲು ಅದರ "ಟ್ರಾನ್ಸ್‌ಫರ್ ಅಕೌಂಟ್ಸ್" ಕ್ಯೂಆರ್ ಕೋಡ್ ಮೂಲಕ ಸಾಗಿಸಿ.

ಹಂತ 8: ಒಂದು ವಾರದ ತಾಳೆ

ಹಂತ 1ರಲ್ಲಿ ಬರೆದಿಟ್ಟ ಸಂಖ್ಯೆಯನ್ನು ಹೊಸ ಫೋನಿನ ಕಾಂಟ್ಯಾಕ್ಟ್ ಸಂಖ್ಯೆಯೊಂದಿಗೆ ಹೋಲಿಸಿ. ಪಟ್ಟಿಯ ಮೊದಲು, ನಡು, ಕೊನೆಯಿಂದ ಹತ್ತು ಹೆಸರು ಆರಿಸಿ ನಂಬರ್ ಅಂಕಿ ಅಂಕಿಯಾಗಿ ನೋಡಿ. ಅತಿ ಹಳೆಯ ಫೋಟೊ ಒಂದನ್ನು ತೆರೆದು ನೋಡಿ, ಚಿಕ್ಕ ಚಿತ್ರ ಮಾತ್ರ ಕಂಡು ದೊಡ್ಡದು ತೆರೆಯದಿದ್ದರೆ ಕಾಪಿ ಅರ್ಧಕ್ಕೆ ನಿಂತಿದೆ. ವಾಟ್ಸಾಪ್‌ನ ಹಳೆ ಧ್ವನಿ ಸಂದೇಶ ಒಂದನ್ನು ಒತ್ತಿ ಕೇಳಿ. ಒಂದು ವಾರದ ಬಳಕೆಯಲ್ಲಿ "ಆ ನಂಬರ್ ಎಲ್ಲಿ" ಎಂಬ ಪ್ರಶ್ನೆ ಬಂದರೆ ಹಳೆ ಫೋನ್ ಇನ್ನೂ ಕಪಾಟಿನಲ್ಲಿರುತ್ತದೆ.

ಹಂತ 9: ಹಳೆ ಫೋನ್ ಒರೆಸುವುದು

ಆಂಡ್ರಾಯ್ಡ್ ಆದರೆ ಮೊದಲು ಬ್ಯಾಂಕ್ ಆ್ಯಪ್‌ಗಳಿಂದ ಲಾಗ್ ಔಟ್ ಆಗಿ. ನಂತರ ಸೆಟ್ಟಿಂಗ್ಸ್‌ನ ಅಕೌಂಟ್ಸ್‌ನಲ್ಲಿ ಜಿಮೇಲ್ ಖಾತೆಯನ್ನು ಆ ಫೋನಿನಿಂದ ತೆಗೆದುಹಾಕಿ, ಸ್ಕ್ರೀನ್ ಲಾಕ್ ತೆಗೆಯಿರಿ, ಸಿಮ್ ಮತ್ತು ಮೆಮೊರಿ ಕಾರ್ಡ್ ಹೊರತೆಗೆಯಿರಿ, ಕೊನೆಗೆ ಫ್ಯಾಕ್ಟರಿ ರಿಸೆಟ್. ಖಾತೆ ತೆಗೆದುಹಾಕದೆ ರಿಕವರಿ ಗುಂಡಿಗಳಿಂದ (ಪವರ್, ವಾಲ್ಯೂಮ್ ಒಟ್ಟಿಗೆ ಒತ್ತಿ) ರಿಸೆಟ್ ಮಾಡಿದರೆ ಫೋನ್ ಮತ್ತೆ ಆನ್ ಆದಾಗ ಹಳೆ ಜಿಮೇಲ್ ಪಾಸ್‌ವರ್ಡ್ ಕೇಳುತ್ತದೆ, ಕೊಂಡವರು ಬಾಗಿಲಿಗೆ ಬರುತ್ತಾರೆ. ಹಂತ 2ರಲ್ಲಿ ಪಾಸ್‌ವರ್ಡ್ ಬದಲಿಸಿದ್ದರೆ ಅದಾಗಿ 24 ಗಂಟೆ ಕಳೆಯುವವರೆಗೆ ರಿಸೆಟ್ ಮಾಡಬೇಡಿ.

ಹಳೆ ನೋಕಿಯಾದಲ್ಲಿ "ರಿಸ್ಟೋರ್ ಫ್ಯಾಕ್ಟರಿ ಸೆಟ್ಟಿಂಗ್ಸ್" ಎರಡು ಆಯ್ಕೆ ಕೊಡುತ್ತದೆ. "ಸೆಟ್ಟಿಂಗ್ಸ್ ಓನ್ಲಿ" ಒತ್ತಿದರೆ ನಂಬರ್, ಮೆಸೇಜು ಹಾಗೇ ಉಳಿಯುತ್ತವೆ, "ಆಲ್" ಆರಿಸಿ. ಸೆಕ್ಯುರಿಟಿ ಕೋಡ್ ಕೇಳಿದರೆ, ನೀವು ಬದಲಿಸಿರದಿದ್ದಲ್ಲಿ, 12345.

ಮೆಮೊರಿ ಕಾರ್ಡನ್ನು ಫೋನಿನ ಜೊತೆ ಕೊಡಬೇಡಿ. ಸಾಮಾನ್ಯ ಫಾರ್ಮ್ಯಾಟ್ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಫೋಟೊಗಳನ್ನು ಉಚಿತ ತಂತ್ರಾಂಶದಿಂದಲೇ ಹಿಂದಕ್ಕೆ ತೆಗೆಯಬಹುದು. ಕಾರ್ಡಿನಲ್ಲಿ ವಿಸಿಎಫ್ ಫೈಲಿನ ಒಂದು ಪ್ರತಿ ಉಳಿಸಿ, ಮೇಲೆ ದಿನಾಂಕ ಬರೆದ ಲಕೋಟೆಯಲ್ಲಿಟ್ಟು, ಮನೆಯ ಕಾಗದಪತ್ರಗಳ ಜೊತೆ ತೆಗೆದಿಡಿ.